ನಮ್ಮ ಶಾಲೆಯ ವಾರ್ತೆ

ಮಸ್ಕಿ
ಗುರುವಾರ, 20 ಫೆಬ್ರವರಿ 2025

ನನ್ನ ಬಂಗಾರ ಪ್ರಿಯಾಂಕಾ,

ನಿನ್ನ ಅವ್ವನ ತುಂಬು ಆಶೀರ್ವಾದ. ಶಾಲೆಯವರು ನಿನ್ನನ್ನು ಹೊರಗೆ ಹಾಕಿ, ಅಪ್ಪ ನಿನ್ನನ್ನು ದಢೇಸುಗೂರಿನ ಅತ್ತೆಯ ಮನೆಗೆ ಸಾಗಿಸಿ ವಾರವಾಯಿತು. ಈಗ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಿನ್ನ ಫೋನು ಅಪ್ಪನ ಕಪಾಟಿನಲ್ಲಿದೆ. ಪಂಪಮ್ಮತ್ತೆಯ ಫೋನಿಗೆ ಮಾಡಿದರೆ ನೀನು "ಹ್ಞೂಂ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಸಿಂಧನೂರಿಗೆ ಹೊರಟಿರುವ ಎದುರುಮನೆ ಖಾಸಿಂಬೀ ಅಲ್ಲಿಂದ ದಢೇಸುಗೂರಿಗೂ ಬಂದು ನಿನಗೆ ಮುಟ್ಟಿಸುತ್ತಾಳೆ. ಸರಿಯಾಗಿ ಉಣ್ಣುತ್ತಿದ್ದೀಯಾ? ಕಾಲುವೆ ಕಡೆ ಒಬ್ಬಳೇ ಹೋಗಬೇಡ, ನನ್ನ ತಾಯಿ.

ನಿನ್ನೆ ಹೆಡ್‌ಮಾಸ್ತರರನ್ನು ಕಂಡು ಬಂದೆ. ಬಹಳ ಹೊತ್ತು ಹೊರಗೇ ಕೂರಿಸಿದರು. "ಪ್ರಾರ್ಥನೆ ಆದಮ್ಯಾಲ ಪೇಪರಿನ ವಾರ್ತೆ ಓದು, ಕಡೀಕ ನಮ್ಮ ಶಾಲಿ ವಾರ್ತೆ ಒಂದು ಓದು ಅಂತ ಮೈಕ್ ಕೊಡ್ತೀವಿ. ಕಬಡ್ಡಿ ಗೆದ್ದದ್ದು ಓದ್ಬೇಕ್ರೀ! ಹುಡುಗ್ಯಾರ ಪಾಯಖಾನಿಗೆ ಕೀಲಿ ಹಾಕ್ಯಾರ ಅಂತ ಓದದೇನ್ರೀ? ಬಜಾರದ ತನಕ ಕೇಳ್ತು" ಎಂದರು.

"ಸುಳ್ಳೇನ್ರೀ ಸರ್?" ಎಂದೆ. ಎಲ್ಲಿಂದ ಧೈರ್ಯ ಬಂತೋ!

"ಖರೆ ಸುಳ್ಳಿನ ಮಾತಲ್ರೀ, ಶಿಸ್ತಿನ ಮಾತು. ಸೋಮವಾರ ಅದೇ ಮೈಕಿನಾಗ 'ನಾ ಅಂದದ್ದು ತಪ್ಪು' ಅನ್ಲಿ. ಇಲ್ಲಂದ್ರ ಹಾಲ್‌ಟಿಕೆಟ್ ಮರ್ತುಬಿಡ್ರಿ."

ನೀನು ಓದುವಾಗ ನಿಮ್ಮಪ್ಪ ಬಜಾರದ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದರಂತೆ. ಗಿರಾಕಿ ಕಿಸಕ್ಕನೆ ನಕ್ಕನಂತೆ. ಅವತ್ತಿನಿಂದ "ಮಗಳ್ನ ಓದ್ಸಿದ್ದು ಇದಕ್ಕೇನು?" ಎಂದು ನನ್ನ ಮೇಲೆ ಹರಿಹಾಯುತ್ತಾರೆ. ಆದರೆ ಊಟಕ್ಕೆ ಕೂತಾಗ "ಆಕಿ ಉಂಡಾಳೋ ಇಲ್ಲೋ, ಕೇಳಿದೇನು?" ಎನ್ನುವವರೂ ಅವರೇ.

ನನಗೆ ಭಯವಾಗುತ್ತಿದೆ, ಪ್ರಿಯಾ. ಲಿಂಗಸುಗೂರಿನ ನಿನ್ನ ದೊಡ್ಡಪ್ಪ ಆಗಲೇ ನಿನಗೆ ಒಂದು ಗಂಡಿನ ಮನೆತನದ ಮಾತು ತೆಗೆದಿದ್ದಾರೆ. ಹತ್ತನೆಯ ಪರೀಕ್ಷೆ ತಪ್ಪಿದರೆ ಅವರ ಬಾಯಿಯನ್ನು ನಾನು ಹೇಗೆ ಮುಚ್ಚಿಸಲಿ? ಒಂದೇ ಮಾತು ತಾನೇ, ಹೇಳಿಬಿಡು ಬಂಗಾರ. ನೀನು ಓದಿದ ಮಾರನೇ ದಿನವೇ ಬೀಗ ತೆಗೆದರಂತೆ. ಗೆದ್ದದ್ದು ನೀನೇ ಅಲ್ಲವೇ?

ಮಸ್ಕಿ ಮಲ್ಲಯ್ಯ ನಿನ್ನ ಬೆನ್ನಿಗಿರಲಿ. ಕೂಸೇ, ನೂರು ವರ್ಷ ಬಾಳು.

ನಿನ್ನ ಅವ್ವ,
ಅಶ್ವಿನಿ

ಮತ್ತೆ: ಕಾಗದ ಮಡಚುವಷ್ಟರಲ್ಲಿ ನಿನ್ನ ತಂಗಿ ಅಮೂಲ್ಯಾ ಶಾಲೆಯಿಂದ ಬಂದಳು. ಚೀಲ ಒಗೆದು, ಚಪ್ಪಲಿ ಸಹ ಬಿಡದೆ ಹಿತ್ತಲಿಗೆ ಓಡಿದಳು. ಬೆಳಿಗ್ಗೆ ತುಂಬಿಕೊಟ್ಟ ನೀರಿನ ಬಾಟಲಿ ಒಂದು ಗುಟುಕೂ ಕುಡಿಯದೆ ಹಾಗೇ ಇತ್ತು.

"ಕೀಲಿ ತೆಗ್ದಾರಲ್ಲ?" ಎಂದೆ.

"ತೆಗ್ದಿದ್ರು. ನಿನ್ನೆ ಮತ್ತ ಹಾಕ್ಯಾರ."

"ಯಾರಿಗರ ಹೇಳ್ಬಾರ್ದೇನ ಹುಡುಗಿ?"

"ಅಕ್ಕ ಹೇಳಿದ್ಲಲ್ಲ" ಎಂದಳು.

ಮೇಲೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಸೋಮವಾರ ಬಾ. ನೀನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ, ಮೈಕಿನ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ. ನಿಮ್ಮಪ್ಪನಿಗೆ ಇನ್ನೂ ತಿಳಿಸಿಲ್ಲ.