ಒತ್ತಿದ ಅಕ್ಷರ, ಅಳಿಸಿದ ಅಕ್ಷರ

ಬುಧವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕಾ,

ನಿನ್ನ ಕಂಪ್ಯೂಟರಿನ ಮೇಲೆ ಭಾವ ಕಾವಲು ಹಾಕಿಸಿದ್ದಾರೆ. ನೀನು ಒತ್ತುವ ಪ್ರತಿಯೊಂದು ಅಕ್ಷರವನ್ನೂ ಕೂಡಿಟ್ಟುಕೊಂಡು ದಿನಕ್ಕೊಮ್ಮೆ ಹೊರಗೆ ಕಳಿಸುವ ಒಂದು ಪ್ರೋಗ್ರಾಮ್ ಅದರೊಳಗೆ ಕೂತಿದೆ. ಇದು ಅನ್ಯಾಯ. ಈ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ನೀನು ನಿನ್ನ ಅಭ್ಯಾಸದಂತೆ ಅವರ ಪರವಾಗಿ ಕಾರಣ ಹುಡುಕತೊಡಗುತ್ತೀ.

ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ಈಗ ತಿಳಿದಿರಬೇಕು. ಮೇಲ್ ಮಾಡಿದರೆ ನಿನ್ನ ಉತ್ತರ ನೇರವಾಗಿ ಅದರ ಬಾಯಿಗೆ ಬೀಳುತ್ತದೆ. ಫೋನ್ ಮಾಡೋಣವೆಂದರೆ ನೀನು ಸ್ಪೀಕರ್ ಹಾಕದೆ ನನ್ನೊಡನೆ ಮಾತಾಡಿ ಎಷ್ಟು ಕಾಲವಾಯಿತೋ. ಕೈ ಖಾಲಿ ಇರಲ್ಲ ಕಣೇ ಅನ್ನುತ್ತೀ. ಹಿಂದೆ ಭಾವ ಕೆಮ್ಮುವುದು ಕೇಳಿಸುತ್ತಿರುತ್ತದೆ. ನೀನು ಬಿಡಿಸುವ ಕಟ್ಟಡಗಳ ನಕ್ಷೆಗಳನ್ನು ಆಫೀಸಿನಿಂದ ತಿದ್ದಿಸಿ ತರುವ ಅಟೆಂಡರ್ ಸಂಜೆ ನಿನ್ನಲ್ಲಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಕೇಳಿದ್ದಕ್ಕೆ ಅವರು ಯಾಕೆ ಏನು ಎನ್ನಲಿಲ್ಲ. ನಕ್ಷೆಯ ಜೊತೆ ಸುತ್ತಿಟ್ಟು ನಿನ್ನ ಕೈಗೇ ಕೊಡುತ್ತೇನೆಂದರು.

ನನಗೆ ಗೊತ್ತಾದದ್ದು ಹೀಗೆ. ಸ್ಕ್ಯಾನರ್ ಇರಲಿ, ಬಾಗಿಲಿನ ಕ್ಯಾಮೆರಾ ಇರಲಿ, ತಾನಾಗಿ ಮೇಲ್ ಕಳಿಸುವ ಯಾವ ವಸ್ತುವನ್ನು ಹೊಂದಿಸಿಕೊಟ್ಟರೂ ನಮ್ಮಲ್ಲಿ ಮೊದಲು ಅಂಗಡಿಯ ವಿಳಾಸ ಹಾಕುತ್ತೇವೆ. ಒಂದು ಮೇಲ್ ಬಂದದ್ದು ನೋಡಿಕೊಂಡು ಆಮೇಲೆ ಗಿರಾಕಿಯ ವಿಳಾಸಕ್ಕೆ ಬದಲಾಯಿಸಿ ಕೊಡುತ್ತೇವೆ. ಸೋಮವಾರ ನಾನು ಶಾಲೆಯೊಂದರ ಲ್ಯಾಬ್ ಸರಿಮಾಡಲು ಹೋಗಿದ್ದೆ. ಅವತ್ತೇ ಫ್ಯಾನ್ ಸದ್ದು ಮಾಡುತ್ತದೆಂದು ಹೇಳಿ ಭಾವ ನಿನ್ನ ಲ್ಯಾಪ್‌ಟಾಪ್ ತಂದದ್ದು. ಪ್ರೋಗ್ರಾಮ್ ಹಾಕಿದವರು ನಮ್ಮ ಯಜಮಾನರು, ಗಿರಾಕಿಗಳೆಲ್ಲ ಡಾಕ್ಟ್ರು ಎಂದು ಕರೆಯುತ್ತಾರಲ್ಲ, ಅವರೇ. ಹಾಕಿದವರು ವಿಳಾಸ ಬದಲಾಯಿಸುವುದನ್ನು ಮರೆತರು. ಭಾವನಿಗೆ ಹೋಗಬೇಕಾದದ್ದು ಅಂಗಡಿಗೆ ಬಂದು ಬಿತ್ತು. ಬೆಳಿಗ್ಗೆ ಅಂಗಡಿಯ ಮೇಲ್ ತೆರೆಯುವುದು ನನ್ನ ಕೆಲಸ.

ಇವತ್ತು ತೆರೆದರೆ ವರದಿಯ ತಲೆಯ ಮೇಲೆ ಯಂತ್ರದ ಹೆಸರು: ಕಪ್ಪೆಚಿಪ್ಪು. ಮುಚ್ಚಳ ಸರಿಯಾಗಿ ಕೂರದ ಹಳೆಯ ಲ್ಯಾಪ್‌ಟಾಪನ್ನು ನಿನಗೆಂದು ಸರಿಮಾಡಿ, ನಾನೇ ಇಟ್ಟ ಹೆಸರು. ಬೇರೆ ಯಾರ ಯಂತ್ರಕ್ಕೂ ಅಂಥ ಹೆಸರು ಇರಲಾರದು.

ಓದಿದೆ, ಅಕ್ಕಾ. ಹೆಸರು ನೋಡಿದ ಮೇಲೂ ಓದಿದೆ. ಕಂಪ್ಯೂಟರ್ ಬಳಸುವವರ ಹಕ್ಕುಗಳ ಬಗ್ಗೆ ನಾನು ಬಸ್ಸಿನಲ್ಲಿ ಓದುವ ಪುಸ್ತಿಕೆಗಳ ಪ್ರಕಾರ ಅದೂ ಕಳ್ಳತನವೇ. ಆ ಕೋಪವನ್ನು ನೀನು ನನ್ನ ಮೇಲೆ ತೀರಿಸಿಕೋ, ಇನ್ನೊಂದು ದಿನ.

ಆ ಪ್ರೋಗ್ರಾಮಿಗೆ ಮರ್ಯಾದೆ ಅನ್ನುವುದೇ ಇಲ್ಲ. ಕಾಗದದಲ್ಲಿ ಒಂದು ಮಾತನ್ನು ಹೊಡೆದುಹಾಕಿದರೆ ಓದುವವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅದು ಅಳಿಸಿದ್ದನ್ನೂ ತೋರಿಸುತ್ತದೆ. ಬಾಡಿಗೆಗೆ ಕೋಣೆ ಕೊಡುವ ಯಾರೋ ಹೆಂಗಸಿಗೆ ನೀನು ಬರೆಯುತ್ತಿದ್ದೆ. ‘ಇಬ್ಬರಿಗೆ’ ಎಂದು ಒತ್ತಿ ಅಳಿಸಿದ್ದೀ. ‘ಒಬ್ಬರಿಗೆ’ ಎಂದು ಒತ್ತಿ ಅದನ್ನೂ ಅಳಿಸಿದ್ದೀ. ಮತ್ತೆ ‘ಇಬ್ಬರಿಗೆ’. ಕೊನೆಗೆ ‘ಒಬ್ಬರಿಗೆ’ ಎಂದು ಬಿಟ್ಟು, ಕಿಟಕಿ ಇದ್ದರೆ ಸಾಕು, ಬೇರೇನೂ ಬೇಡ ಎಂದು ಸೇರಿಸಿ ಕಳಿಸಿದ್ದೀ. ನೀನು ಆ ಮನೆ ಬಿಡುವ ಯೋಚನೆಯಲ್ಲಿದ್ದೀ ಎಂದು ನನಗೆ ಗೊತ್ತಾದದ್ದು ನಿನ್ನ ಬಾಯಿಂದಲ್ಲ, ಒಂದು ವರದಿಯಿಂದ. ವಿಳಾಸ ಸರಿಯಾಗಿದ್ದಿದ್ದರೆ ಭಾವನಿಗೂ ಹಾಗೆಯೇ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಡಾಕ್ಟ್ರು ಬಂದಾಗ ಕೇಳಿದೆ. ಜಗಳವಾಡಿದೆ ಅನ್ನುವುದೇ ಸರಿ. ಅವರ ಮೇಲೆ ನನಗೆ ಎಷ್ಟು ಗೌರವ ನಿನಗೆ ಗೊತ್ತು. ತೆರೆ, ಸರಿಮಾಡು, ಮುಚ್ಚು, ಓದಬೇಡ ಎಂದು ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿಕೊಟ್ಟವರು ಅವರು. ಜನ ಕಂಪ್ಯೂಟರನ್ನು ರಿಪೇರಿಗೆ ಕೊಡುವುದನ್ನು ನೀನು ನೋಡಬೇಕು. ಬಟ್ಟೆಯ ಚೀಲದಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು, ನಾವು ಒಳಗೆ ಒಯ್ಯುವವರೆಗೂ ಅಲ್ಲೇ ನಿಂತಿರುತ್ತಾರೆ. ಕೀಲಿಮಣೆಯ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಕೂದಲು, ಒಮ್ಮೊಮ್ಮೆ ಹಾಲುಹಲ್ಲು. ಗಂಡ ಹೆಂಡತಿಗೆ ಹೇಳದ್ದು, ತಾಯಿ ಮಕ್ಕಳಿಗೆ ಹೇಳದ್ದು, ಎಲ್ಲ ಅದರೊಳಗೆ. ಪಕ್ಕದ ಹೊಲಿಗೆ ಅಂಗಡಿಯಾಕೆ ಒಮ್ಮೆ, ಒಳಗಿರೋದನ್ನೆಲ್ಲ ನೋಡ್ತೀರೇನ್ರೀ ಎಂದು ಹೆದರಿ ಕೇಳಿದ್ದಕ್ಕೆ, ಡಾಕ್ಟರು ನೋಡಿದ್ದನ್ನ ಮರೀತಾರಮ್ಮ ಎಂದು ನಗಿಸಿ ಕಳಿಸಿದ್ದರು. ಅಂಥವರು ಇದನ್ನು ಮಾಡಿಕೊಟ್ಟರು.

ಅವರು ಬೆಸುಗೆಯ ಕಡ್ಡಿಯನ್ನು ಕೆಳಗಿಡಲೂ ಇಲ್ಲ. ನಾವು ರಿಪೇರಿ ಮಾಡೋರು, ನ್ಯಾಯ ಹೇಳೋರಲ್ಲ ಅಂದರು. ಯಂತ್ರ ಬಳಸುವವರಿಗೆ ತಿಳಿಯದಂತೆ ಅದನ್ನು ಇನ್ನೊಬ್ಬರ ಆಳು ಮಾಡುವುದು ರಿಪೇರಿಯಲ್ಲ ಎಂದು ನಾನು ಪುಸ್ತಿಕೆಯ ಭಾಷೆಯಲ್ಲೇ ಶುರುಮಾಡಿದೆ. ಅದಕ್ಕೆ ಅವರು,

“ನಿನ್ನ ಪುಸ್ತಕದಲ್ಲಿ ಗಂಡ ಹೆಂಡ್ತಿ ಇರಲ್ಲ ಕಣಮ್ಮ. ಬರೀ ಯೂಸರ್ ಇರ್ತಾನೆ.”

ಉತ್ತರ ಹೊಳೆದದ್ದು ಒಳಗೆ ಬಂದು ಕೂತಾಗ. ಹೆಂಡತಿಯೂ ಯೂಸರೇ. ನನ್ನ ಅಕ್ಕನ ಬೆರಳು ಅವಳದು, ಅವಳು ಅಳಿಸಿದ್ದು ಅವಳದು. ಇದು ಯಾವ ಪುಸ್ತಿಕೆಯಲ್ಲೂ ಇಲ್ಲ, ನನ್ನದೇ ಮಾತು.

ಭಾವ ಕೆಟ್ಟವರಲ್ಲ ಕಣೇ ಎಂದು ನೀನು ಹೇಳುತ್ತೀ. ನಿನಗೆ ಜ್ವರ ಬಂದಾಗ ಹಣ್ಣು ಸುಲಿದು ಬೀಜ ತೆಗೆದು ಬಾಯಿಗಿಟ್ಟವರು ಅವರು. ನಾನೇ ನೋಡಿದ್ದೇನೆ. ಆದರೆ ಆ ದಿನ ನಿನ್ನ ಫೋನನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು, ಅವಳಿಗೆ ವಿಶ್ರಾಂತಿ ಬೇಕು ಎಂದು ಬಂದ ಕರೆಗಳಿಗೆಲ್ಲ ತಾವೇ ಉತ್ತರ ಹೇಳಿದವರೂ ಅವರೇ. ಆಗ ನಾವೆಲ್ಲ ಅದನ್ನು ಪ್ರೀತಿ ಎಂದು ಹೊಗಳಿದೆವು. ಪ್ರೀತಿ ಇರಬಹುದು. ಅನುಮತಿ ಕೇಳದ ಪ್ರೀತಿ ನನಗೆ ಬೇಡ, ನಿನಗೂ ಬೇಡ ಅನ್ನಿಸಿದ್ದಕ್ಕೇ ನೀನು ಕಿಟಕಿಯಿರುವ ಕೋಣೆ ಹುಡುಕುತ್ತಿರುವುದು.

ಈಗ ಕೆಲಸದ ಮಾತು. ಏನೂ ಬರುತ್ತಿಲ್ಲವಲ್ಲ ಎಂದು ಭಾವ ಇವತ್ತು ಫೋನ್ ಮಾಡಿದ್ದರು. ಡಾಕ್ಟ್ರು ಶನಿವಾರ ತರಲು ಹೇಳಿದ್ದಾರೆ. ಫ್ಯಾನಿನ ಸದ್ದು ಇನ್ನೂ ಹೋಗಿಲ್ಲ ಎಂದು ಭಾವ ನಿನ್ನ ಹತ್ತಿರ ಯಂತ್ರ ಕೇಳುತ್ತಾರೆ, ನೋಡುತ್ತಿರು. ಶನಿವಾರದ ನಂತರ ನೀನು ಒತ್ತಿದ್ದೆಲ್ಲ ಅವರ ಕಣ್ಣಿಗೆ. ಇಲ್ಲಿಗೆ ಬಂದ ವರದಿಯನ್ನು ಅಳಿಸಿದ್ದೇನೆ. ಆದರೆ ಹಳೆಯದೂ ನಿನ್ನ ಯಂತ್ರದೊಳಗೆ ಉಳಿದಿರಬಹುದು, ನನಗೆ ಖಾತ್ರಿಯಿಲ್ಲ.

ಅಲ್ಲಿಯವರೆಗೆ ನಕ್ಷೆ ಬಿಡಿಸು, ಎಂದಿನಂತೆ ಆಫೀಸಿಗೆ ಮೇಲ್ ಮಾಡು, ಸುಮ್ಮನಿದ್ದರೂ ಅನುಮಾನ ಬರುತ್ತದೆ. ಆ ಕೋಣೆಯ ಹೆಂಗಸಿಗೆ ಮಾತ್ರ ಒಂದಕ್ಷರ ಒತ್ತಬೇಡ. ಅವರಿಗೆ ಹೇಳುವುದಿದ್ದರೆ ನನಗೆ ಹೇಳು, ನಾನು ನಡೆದುಕೊಂಡು ಹೋಗಿ ಹೇಳಿ ಬರುತ್ತೇನೆ.

ಪ್ರೋಗ್ರಾಮನ್ನು ಇಲ್ಲಿ ಕೂತೇ ಕಿತ್ತುಹಾಕುವುದು ನನಗೆ ಕಷ್ಟವಲ್ಲ. ಕಿತ್ತರೆ ಅವರಿಗೆ ಗೊತ್ತಾಗುತ್ತದೆ. ಬಿಟ್ಟರೆ ನೀನು ನಿನ್ನ ಮೇಜಿನ ಮುಂದೆಯೇ ನಟಿಸುತ್ತ ಕೂರಬೇಕು. ಯಾವುದು ಎಂದು ನಾನು ತೀರ್ಮಾನಿಸುವುದಿಲ್ಲ. ಎರಡು ಬಾರಿ ಕೈ ತುರಿಸಿತು, ತಡೆದುಕೊಂಡೆ. ನಿನ್ನನ್ನು ಕೇಳದೆ ಹಾಕಿದವರು ಅವರು, ನಿನ್ನನ್ನು ಕೇಳದೆ ತೆಗೆದವಳು ನಾನು ಎಂದಾಗಬಾರದು. ಕೋಣೆ ಸಿಗುವವರೆಗೆ ಎಲ್ಲಾದರೂ ಇರಬೇಕೆಂದರೆ ಅಂಗಡಿಯ ಮೇಲಿನ ನನ್ನ ಕೋಣೆ ಇದೆ. ನೆಲದ ಮೇಲೆಲ್ಲ ವೈರು. ಒಂದು ಮೂಲೆ ಖಾಲಿ ಮಾಡುತ್ತೇನೆ. ಅಲ್ಲಿ ಯಾರೂ ನಿನ್ನನ್ನು ಏನು ಬರೆದೆ ಎಂದು ಕೇಳುವುದಿಲ್ಲ. ಕೇಳಿದರೆ ಬೈ.

ಕರಪತ್ರದ ಹುಚ್ಚಿ ಎಂದು ನೀನು ನಗುತ್ತಿದ್ದೆ. ಈ ಸಲ ನಗದೆ ಓದು. ಓದಿ ಹರಿದುಹಾಕು.

ನಿನ್ನ,
ನಟ್ಟು

ಮರೆತೆ ಅನ್ನುವುದು ಸುಳ್ಳು, ಬರೆಯಲು ಕೈ ಬರಲಿಲ್ಲ: ಗಾಬರಿಯಾಗಿ ನೀನು ನೇರವಾಗಿ ಅಮ್ಮನ ಮನೆಗೆ ಹೋಗುತ್ತೀ. ಹೋಗಬೇಡ. ಸೋಮವಾರ ಭಾವ ಒಬ್ಬರೇ ಬಂದಿರಲಿಲ್ಲ. ಕೆಲಸ ಮುಗಿಯುವವರೆಗೂ ಅಮ್ಮ ಸ್ಟೂಲಿನ ಮೇಲೆ ಕೂತಿದ್ದರಂತೆ, ಜಗಳದ ಕೊನೆಗೆ ಡಾಕ್ಟ್ರೇ ಹೇಳಿದರು. ಡಾಕ್ಟ್ರು ಹಿಂದೆಮುಂದೆ ನೋಡಿದಾಗ, “ನಾನು ಹೆತ್ತವಳು ಹೇಳ್ತಿದ್ದೀನಿ, ಹಾಕಿ. ಸಂಸಾರ ಉಳೀಲಿ. ಸಣ್ಣವಳಿಗೆ ಮಾತ್ರ ಹೇಳ್ಬೇಡಿ” ಅಂದವರು ಅಮ್ಮ. ಇದಕ್ಕೆ ನನ್ನಲ್ಲಿ ಯಾವ ಪುಸ್ತಿಕೆಯೂ ಇಲ್ಲ, ಅಕ್ಕಾ. ನಕ್ಷೆ ಪ್ರಿಂಟ್ ಹಾಕಿಸಲೆಂದು ಹೊರಡು, ಫೋನನ್ನು ಮನೆಯಲ್ಲೇ ಬಿಡು. ಆ ಪ್ರಿಂಟಿಂಗ್ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ. ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.