ಬೆಟ್ಟದಿಂದ ಬಂದ ಪತ್ರೆ

ಕೆಂಗಲ್
೧೦-೨-೨೦೨೫, ಸೋಮವಾರ

ಪ್ರೀತಿಯ ತಮ್ಮ ಅನಂತರಾಜು,

ಆಂಜನೇಯಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಮಂಡಿ ನೋವು ಹೇಗಿದೆ? ಕಾಲೇಜಿನಲ್ಲಿ ನಿಂತೇ ಪಾಠ ಮಾಡಬೇಡ, ಕುರ್ಚಿ ಕೇಳು. ಕಲಬುರಗಿಯ ಬಿಸಿಲಿಗೆ ಮಜ್ಜಿಗೆ ತಪ್ಪಿಸಬೇಡ. ನಿನ್ನ ಭಾವನ ಸಕ್ಕರೆ ಕಾಯಿಲೆ ಒಸಿ ಹಿಡಿತಕ್ಕೆ ಬಂದಿದೆ. ಫೋನು ಮಾಡಿದರೆ ನೀನು ನಡುವೆ ನಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಹುಡುಗಿ ಮಹ್ವಿಶ್ ಗುರುವಾರ ಬಂದಿದ್ದಳು. ಚನ್ನಪಟ್ಟಣದ ಗೊಂಬೆ ಮಾಡುವವರ ಮಗಳಂತೆ, ನಿನ್ನ ಹತ್ತಿರ ಕಲ್ಲುಮಣ್ಣಿನ ಶಾಸ್ತ್ರ ಓದುತ್ತಾಳಂತೆ. ಒಳ್ಳೆಯ ಮಗು, ದೇವರಮನೆಯ ಹೊಸ್ತಿಲಾಚೆಯೇ ಕೂತಳು. ನಾನು ಇಪ್ಪತ್ತೇಳು ವರ್ಷದಿಂದ ಪೂಜಿಸುವ, ಬಿಲ್ವಪತ್ರೆ ಅಚ್ಚೊತ್ತಿದ ಕಲ್ಲು ನಿನ್ನ ಪುಸ್ತಕದ ಚಿತ್ರಕ್ಕೆ ಬೇಕೆಂದಳು. ರೇವಣಸಿದ್ಧೇಶ್ವರನ ಬೆಟ್ಟದಲ್ಲಿ ಸಿಕ್ಕಿತೆಂದು ನೀನೇ ತಂದುಕೊಟ್ಟದ್ದಲ್ಲವೇ, ಹಾಗೆಂದೆ. "ಬೆಟ್ಟದ್ದಲ್ಲ ಅಮ್ಮ. ನಮ್ ಕಡೆ ಬಂಡೆ ಬೆಂಕಿಲಿ ಕರಗಿ ಆಗಿರೋದು. ಅದ್ರೊಳ್ಗೆ ಎಲೆ ಎಲ್ಲಿ ಉಳೀತೈತೆ" ಅಂದಳು.

ಆಮೇಲೆ ಬಿಡಿಸಿ ಹೇಳಿದಳು. ಎಲೆ ನಿಂತ ನೀರಿಗೆ ಬೀಳಬೇಕಂತೆ. ಕೊಳೆಯುವ ಮೊದಲೇ ಕೆಸರು ಮುಚ್ಚಬೇಕು, ಗಾಳಿ ತಾಗಬಾರದು. ಮೇಲೆ ಮೇಲೆ ಮಣ್ಣು ಕೂತು, ಆ ಭಾರಕ್ಕೆ ರಸವೆಲ್ಲ ಹಿಂಡಿಹೋಗಿ ಕಪ್ಪು ಪೊರೆಯೊಂದು ಉಳಿಯುತ್ತದೆ. ಕೋಟಿಗಟ್ಟಲೆ ವರ್ಷಕ್ಕೆ ಕೆಸರೇ ಕಲ್ಲು. ಒಂದೊಂದು ನರವೂ ಅಚ್ಚಾಗಿರುತ್ತದೆ, ಜೀವ ಮಾತ್ರ ಇರುವುದಿಲ್ಲ. ಇದು ಬಿಲ್ವವೂ ಅಲ್ಲವಂತೆ. ಬಿಲ್ವ ಭೂಮಿಗೆ ಬರುವುದಕ್ಕಿಂತ ಎಷ್ಟೋ ಮುಂಚಿನ ಜರೀಗಿಡವಂತೆ. ನೀನು ಓದುವಾಗ ಮದರಾಸಿನ ಆಚೆಯಿಂದ ಹೊತ್ತು ತಂದದ್ದಂತೆ. ಪ್ರತಿ ವರ್ಷ ಕ್ಲಾಸಿನಲ್ಲಿ ಈ ಕಥೆ ಹೇಳುತ್ತೀಯಂತೆ. "ಸರ್ ನಗುಸ್ತಾರೆ ಅಮ್ಮ, ನಮ್ಮಕ್ಕ ಜರೀಸೊಪ್ಪಿಗೆ ಕೈ ಮುಗ್ದು ಮಗು ಕೇಳ್ತಾವ್ಳೆ ಅಂತ." ಹೇಳಿದ ಮೇಲೆ ನನ್ನ ಮುಖ ನೋಡಿದಳು. ಪಾಪ, ಕಾಫಿ ಅರ್ಧಕ್ಕೇ ಬಿಟ್ಟಳು. ಸೋಮವಾರದ ಪೂಜೆ ಆಗಲಿ ಎಂದು ಬರಿಗೈಯಲ್ಲಿ ಕಳಿಸಿದೆ.

ಆಗ ನನಗೆ ಇಪ್ಪತ್ಮೂರು. ಮಕ್ಕಳಾಗಲೆಂದು ಮೈಸೂರಿನ ಡಾಕ್ಟರಮ್ಮ ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು, ತಡಮಾಡಿದರೆ ಕಷ್ಟ ಅಂದಿದ್ದರು. "ಅಕ್ಕಾ, ಹೊಟ್ಟೆ ಕುಯ್ಸ್ಕೋಬ್ಯಾಡ. ನಲವತ್ತೆಂಟು ದಿನ ಈ ಪತ್ರೆಗೆ ನೀರೆರಿ, ಮಗ ಆಯ್ತನೆ" ಅಂದವನು ನೀನು. ನೀನು ಓದಿದವನು, ನಂಬಿದೆ. ನಲವತ್ತೆಂಟು ಮುಗಿದು ಮತ್ತೆ ನಲವತ್ತೆಂಟು. ನಿನ್ನ ಭಾವ ಇನ್ನೊಬ್ಬಳನ್ನು ತಂದರು, ಅವಳ ಎರಡು ಬಾಣಂತನವನ್ನೂ ನಾನೇ ಮಾಡಿದೆ. ನೀರು ಬಿದ್ದೂ ಬಿದ್ದೂ ಪತ್ರೆಯ ಒಂದು ದಳ ಸವೆದುಹೋಗಿದೆ, ನಿನ್ನ ಚಿತ್ರ ಚೆನ್ನಾಗಿ ಬರಲಾರದು. ಶಿವನ ಮೇಲೆ ನನಗೆ ಸಿಟ್ಟಿಲ್ಲ. ಅವನಾಗಿ ಏನೂ ಹೇಳಿರಲಿಲ್ಲ.

ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು. ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ, ಎಲ್ಲವನ್ನೂ ಕಣ್ಣಾರೆ ನೋಡುವಷ್ಟು.

ನಿನ್ನ ಅಕ್ಕ,
ಶಿವಲಿಂಗಮ್ಮ

ಬರೆಯಲು ಮರೆತೆ. ಕಲ್ಲು ಈಗ ನನ್ನ ಹತ್ತಿರ ಇಲ್ಲ. ಶನಿವಾರ ನಿನ್ನ ಮಗಳು ಪ್ರತಿಮಾ ಬಿಡದಿಯಿಂದ ಬಂದು, ಮದುವೆಯಾಗಿ ನಾಲ್ಕು ವರ್ಷವಾಯಿತು ಅತ್ತೆ ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಮುಂದಿನ ವಾರ ಅವಳಿಗೂ ಆಪರೇಷನ್ ಇತ್ತಂತೆ. ನೀನು ನನಗೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿ, ಕಲ್ಲನ್ನು ಅವಳ ಮಡಿಲಿಗೆ ಹಾಕಿದೆ. ಬರುವುದಿಲ್ಲವೆಂದು ನನ್ನೆದುರೇ ಆಸ್ಪತ್ರೆಗೆ ಫೋನು ಮಾಡಿದಳು. ಅದು ಎಂಥ ಕಲ್ಲು, ನನಗೆ ಯಾಕೆ ಕೊಟ್ಟೆ, ಎರಡನ್ನೂ ಅವಳಿಗೆ ನೀನೇ ಹೇಳು.