ಟಿವಿ ಬೇರೆ ಕಡೆ ನೋಡುತ್ತಿರುವಾಗ

ಮನೆಯಿಂದ, ಮಂಗಳವಾರ

ಮುದ್ದು ತಮ್ಮಾ,

ಹೇಗಿದ್ದೀಯ? ಊಟ ಸೇರುತ್ತಿದೆಯಾ? ಕೈ ನಡುಕ ಪೂರ್ತಿ ನಿಂತಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ನಿಮ್ಮ ಚಿಕಿತ್ಸಾ ಕೇಂದ್ರದ ಡಾಕ್ಟರ್ ಹೇಳಿದಾಗ ಮಗುವನ್ನು ಎತ್ತಿಕೊಂಡು ಕುಣಿದಿದ್ದೆ. ಪುಟ್ಟಿಗೆ ಹಲ್ಲು ಬರುತ್ತಿದೆ. ಅವಳು ಮಲಗುವುದಿಲ್ಲ, ಅವಳು ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ನಾನು ಯಾಕಿನ್ನೂ ಬರಲಿಲ್ಲ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಡಾಕ್ಟರ್ ಫೋನ್ ಮಾಡಿದ ವಾರವೇ ಆ ಸಿನಿಮಾ ನಟ ಡ್ರಗ್ಸ್ ಪಾರ್ಟಿಯಲ್ಲಿ ಸಿಕ್ಕಿಬಿದ್ದ. ಇಡೀ ದಿನ ಟಿವಿಯಲ್ಲಿ ಅದೇ ಮುಖ, ಅದೇ ಕೆಂಪು ಅಕ್ಷರ, ‘ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು!’ ಎಂಬ ಅದೇ ಕಿರುಚಾಟ. ನಮ್ಮ ಕಟ್ಟಡದವರು ಪಕ್ಕದ ಮನೆ ಯಾವುದೆಂದು ಹುಡುಕತೊಡಗಿದರು. ಗೇಟಿನಲ್ಲಿ ಚೀಲ ತಪಾಸಣೆ ಶುರುವಾಯಿತು. ಕಾವಲುಗಾರ ಪುಟ್ಟಿಯ ಪೌಡರ್ ಡಬ್ಬಿ ತೆಗೆದು ಮೂಸಿ, ಮೂಗೆಲ್ಲ ಬೆಳ್ಳಗೆ ಮಾಡಿಕೊಂಡು ಸೀನಿದ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನಗೆ ನಗು ಬರಲಿಲ್ಲ. ಆ ಸಂಜೆಯೇ ನಿವಾಸಿಗಳ ಸಂಘದ ಸಭೆ. ಕಾರ್ಯದರ್ಶಿ, ಅದೇ ಮೈಕು ಕೈಬಿಡದ್ದಕ್ಕೆ ನೀನು ಹೆಸರಿಟ್ಟ ಮೈಕಾಸುರ, ನನ್ನ ಕಡೆ ತಿರುಗಿ, “ನಿಮ್ ತಮ್ಮನ ಮೇಲೆ ನಮಗೇನೂ ದ್ವೇಷ ಇಲ್ಲಮ್ಮ. ಆದ್ರೆ ಮಕ್ಕಳಿರೋ ಮನೆಗಳು, ಟಿವಿ ನೋಡ್ತಿಲ್ವಾ ನೀವು?” ಎಂದರು. ಅಂಥವರನ್ನು ಕಟ್ಟಡದೊಳಗೆ ಬಿಡಬಾರದೆಂದು ಎಲ್ಲರೂ ಕೈ ಎತ್ತಿದರು. ನೀನು ನೋವಿನ ಮಾತ್ರೆಯ ಚಟಕ್ಕೆ ಬಿದ್ದದ್ದು ಬೆನ್ನಿನ ಆಪರೇಷನ್ ಆದಮೇಲೆ, ಡಾಕ್ಟರ ಚೀಟಿ ಕೇಳದೆ ತಿಂಗಳುಗಟ್ಟಲೆ ಕೊಟ್ಟದ್ದು ನಮ್ಮ ಕಟ್ಟಡದ ಕೆಳಗಿನ ಔಷಧಿ ಅಂಗಡಿಯವನು ಎಂದೆ. ಅಂಗಡಿಯವನೂ ಅಲ್ಲೇ ಕೂತಿದ್ದ, ಎತ್ತಿದ ಕೈ ಇಳಿಸಲಿಲ್ಲ.

ಹೋದ ವಾರ ಎದುರು ಬೀದಿಯ ಟೈಲರಮ್ಮನ ಮಗಳು ತೀರಿಕೊಂಡಳು. ಅದೇ ಅಂಗಡಿ, ಅದೇ ಮಾತ್ರೆ. ಕ್ಯಾಮೆರಾ ಬರಲಿಲ್ಲ. ಪತ್ರಿಕೆಯಲ್ಲಿ ‘ಅಸ್ವಸ್ಥ ಯುವತಿ ಸಾವು’ ಎಂದು ಹಾಸಿಗೆ ಜಾಹೀರಾತಿನ ಕೆಳಗೊಂದು ತುಣುಕು. ಸಭೆ ಯಾವಾಗ ಎಂದು ಮೈಕಾಸುರರನ್ನು ಕೇಳಿದೆ. “ಅಯ್ಯೋ, ಆ ಡ್ರಗ್ಸ್ ಗಲಾಟೆ ಎಲ್ಲಾ ಮುಗೀತಲ್ಲಮ್ಮ, ಈಗೆಲ್ಲಿದೆ?” ಎಂದರು. ನಟನಿಗೆ ಜಾಮೀನು ಸಿಕ್ಕಿದ ದಿನವೇ ಅವರ ಪಾಲಿಗೆ ಮುಗಿದುಹೋಗಿತ್ತು. ಕಾವಲುಗಾರ ಈಗ ಯಾರ ಚೀಲವನ್ನೂ ಮುಟ್ಟುವುದಿಲ್ಲ, ಯಾವಳೋ ನಟಿಯ ವಿಚ್ಛೇದನವನ್ನು ಫೋನಿನಲ್ಲಿ ನೋಡುತ್ತಾ ಕೂತಿರುತ್ತಾನೆ. ಅಂಗಡಿ ತೆರೆದೇ ಇದೆ.

ಹುಷಾರಾಗಿರು, ಭಾರ ಎತ್ತಬೇಡ. ನಿನ್ನ ಭಾವ ನಿನ್ನನ್ನು ಕೇಳಿದೆನೆಂದು ಹೇಳಿದ್ದಾರೆ. ಪುಟ್ಟಿ ತನ್ನ ಪಾಲಿನದನ್ನು ಈ ಕಾಗದದ ಮೂಲೆಗೆ ಜೊಲ್ಲಿನಲ್ಲೇ ಬರೆದಿದ್ದಾಳೆ.

ನಿದ್ದೆಗೆಟ್ಟ ನಿನ್ನ ಅಕ್ಕ

ಮರೆತೆ: ಬಟ್ಟೆ ಕಟ್ಟಿಟ್ಟುಕೊ, ಭಾನುವಾರ ಬರುತ್ತೇವೆ. ಆ ವಿಚ್ಛೇದನ ಮುಗಿಯುವುದರೊಳಗೆ ನೀನು ನಮ್ಮ ಗೇಟು ದಾಟಿ ಒಳಗೆ ಬಂದುಬಿಡಬೇಕು. ಅಂಗಡಿಯ ಮುಂದೆ ಹಾಯುವಾಗ ಮಾತ್ರ ಪುಟ್ಟಿಯ ಮುಖವನ್ನೇ ನೋಡುತ್ತಾ ಬಾ.